ಬೆರಳುದ್ದದ ಗೊಂಬೆ, ಬೆಟ್ಟದಷ್ಟು ಕೆಲಸ: ಕಿರುಗೊಂಬೆ ಬಣ್ಣದ ಸ್ಪರ್ಧೆಗೆ ಹೋಗುವ ಮುನ್ನ



ಹೋದ ತಿಂಗಳ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಹವ್ಯಾಸಗಳ ಮಾತು ಬಂದಾಗ, ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚುವ ನನ್ನ ಹುಚ್ಚಿನ ಬಗ್ಗೆ ಐದೇ ಐದು ನಿಮಿಷ ಮಾತಾಡಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿ ನಮ್ಮ ಬಳಗದವರಿಗೇ ಆಶ್ಚರ್ಯ. ಠಾಣೆಯ ಒಬ್ಬ ತಾಯಿ ಬರೆದಿದ್ದಾರೆ: "ಮಗ ಒಂಬತ್ತನೇ ಕ್ಲಾಸು. ಇಡೀ ರಜೆ ಇದೇ ಕೆಲಸ. ಸ್ಪರ್ಧೆಗೆ ಹಾಕುತ್ತೇನೆ ಅನ್ನುತ್ತಾನೆ. ಹಾಕಬಹುದೇ? ಏನೇನು ಬೇಕು?" ಚೆನ್ನೈಯಿಂದ ನಿವೃತ್ತರೊಬ್ಬರು ಕೇಳಿದ್ದಾರೆ: "ಕೈ ಸ್ವಲ್ಪ ನಡುಗುತ್ತದೆ. ಈ ವಯಸ್ಸಿನಲ್ಲಿ ಶುರು ಮಾಡಿದರೆ ನಗುತ್ತಾರೆಯೇ?"

ಇಬ್ಬರಿಗೂ ಉತ್ತರ ಒಂದೇ. ಖಂಡಿತ ಹಾಕಿ. ಯಾರೂ ನಗುವುದಿಲ್ಲ. ಆದರೆ ಹೋಗುವ ಮುನ್ನ ತಿಳಿದುಕೊಳ್ಳಬೇಕಾದದ್ದು ಸಾಕಷ್ಟಿದೆ. ತಿಳಿಯದೆ ಹೋಗಿ ನಾನು ಪಟ್ಟ ಪಾಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಏನಿದು ಸ್ಪರ್ಧೆ?

ಲೋಹ, ರಾಳ ಅಥವಾ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ ಮನುಷ್ಯಾಕೃತಿಗಳಿಗೆ ಕೈಯಿಂದ ಬಣ್ಣ ಹಚ್ಚಿ, ಒಂದು ಪುಟ್ಟ ಪೀಠದ ಮೇಲೆ ನಿಲ್ಲಿಸಿ, ತೀರ್ಪುಗಾರರ ಮುಂದಿಡುವುದು. ಇಷ್ಟೇ. ಮೇಜಿನ ಮೇಲೆ ಆಡುವ ಯುದ್ಧದಾಟಗಳ ಗೊಂಬೆಗಳು ಸಾಮಾನ್ಯವಾಗಿ 28 ಮಿಲಿಮೀಟರ್ ಆಸುಪಾಸು, ಅಂದರೆ ಹೆಬ್ಬೆರಳಿನ ತುದಿಯ ಗೆಣ್ಣಿನಷ್ಟು. ಚರಿತ್ರೆಯ ಸೈನಿಕರು ಹೆಚ್ಚಾಗಿ 54 ಅಥವಾ 75 ಮಿಲಿಮೀಟರ್. ಐದೂಮುಕ್ಕಾಲು ಅಡಿ ಎತ್ತರದ ಮನುಷ್ಯನನ್ನು 32ರಲ್ಲಿ ಒಂದು ಪಾಲಿಗೆ ಇಳಿಸಿದರೆ ಸುಮಾರು 54 ಮಿಲಿಮೀಟರ್ ಆಗುತ್ತದೆ, 24ರಲ್ಲಿ ಒಂದು ಪಾಲಿಗೆ ಇಳಿಸಿದರೆ ಸುಮಾರು 75. ಎದೆಯಿಂದ ಮೇಲಿನ ಭಾಗ ಮಾತ್ರ ಇರುವ ಬಸ್ಟ್‌ಗಳೂ ಇವೆ. ಮುಖ ದೊಡ್ಡದಾಗಿರುವುದರಿಂದ ಹೊಸಬರಿಗೆ ಕಣ್ಣು, ತುಟಿ ಬರೆಯಲು ಅವು ಅನುಕೂಲ.

ಇಂಥ ಸ್ಪರ್ಧೆಗಳಲ್ಲಿ ಹೆಚ್ಚು ಹೆಸರುವಾಸಿಯಾದದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿಯವರ 'ಗೋಲ್ಡನ್ ಡೀಮನ್'. ಅದು ಶುರುವಾದದ್ದು 1987ರಲ್ಲಿ. ಪ್ರತಿ ವಿಭಾಗದಲ್ಲೂ ಚಿನ್ನ, ಬೆಳ್ಳಿ, ಕಂಚು. ಎಲ್ಲ ವಿಭಾಗಗಳನ್ನೂ ಮೀರಿದ ಒಂದು ಕೃತಿಗೆ ನಿಜವಾದ ಕತ್ತಿಯನ್ನೇ ಕೊಡುತ್ತಾರೆ, ಅದರ ಹೆಸರು 'ಸ್ಲೇಯರ್ ಸೋರ್ಡ್'. ಅಲ್ಲಿಗೆ ಆ ಕಂಪನಿಯ ಗೊಂಬೆಗಳನ್ನಷ್ಟೇ ಒಯ್ಯಬೇಕು. ಇನ್ನೊಂದು ಪರಂಪರೆ ಚರಿತ್ರೆಯ ಗೊಂಬೆಗಳದು. ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ಹಲವು ವರ್ಷ ನಡೆದ 'ಯೂರೋ ಮಿಲಿಟೇರ್', ಇಟಲಿಯ ಮೊಂಟೆ ಸಾನ್ ಸವೀನೊ ಊರಿನ ಪ್ರದರ್ಶನ, ಬೇರೆ ಬೇರೆ ದೇಶಗಳಲ್ಲಿ ಸರದಿಯಂತೆ ನಡೆಯುವ 'ವರ್ಲ್ಡ್ ಮಾಡೆಲ್ ಎಕ್ಸ್‌ಪೋ' ಇವೆಲ್ಲ ಆ ಸಾಲಿನವು. ವಿಮಾನ, ಟ್ಯಾಂಕುಗಳ ಜತೆಗೆ ಮನುಷ್ಯಾಕೃತಿಗಳಿಗೂ ಜಾಗ ಕೊಡುವ ಐಪಿಎಂಎಸ್ ಎಂಬ ಮಾಡೆಲ್ ತಯಾರಕರ ಸಂಘ 1963ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿತು.

ಇದೆಲ್ಲ ಪರದೇಶದ ಆಟ, ನಮಗೇನು ಅನ್ನಬೇಡಿ. ದಸರೆಯಲ್ಲಿ ಗೊಂಬೆ ಕೂರಿಸುವ ಮನೆಗಳಿಂದ ಬಂದವರು ನಾವು. ಕೊಪ್ಪಳದ ಪಕ್ಕದ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗಳ ಮೈಗೆ ಮೊದಲು ಲೇಪ ಹಚ್ಚಿ ನುಣುಪು ಮಾಡಿ, ಆಮೇಲೆ ಬಣ್ಣ ಕೊಡುತ್ತಾರೆ. ತಳ ಗಟ್ಟಿಯಾಗದೆ ಬಣ್ಣ ನಿಲ್ಲದು ಎಂಬ ಪಾಠವನ್ನು ನಾಟಿಂಗ್‌ಹ್ಯಾಮ್‌ನಿಂದ ಕಲಿಯಬೇಕಾಗಿಲ್ಲ.

ತೀರ್ಪಿನಲ್ಲಿ ಎರಡು ಬಗೆ

ಅರ್ಜಿ ತುಂಬುವ ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಿ. ಅಲ್ಲಿ ತೀರ್ಪು ಕೊಡುವ ರೀತಿ ಯಾವುದು?

ಮೊದಲನೆಯದು ನಮಗೆಲ್ಲ ಗೊತ್ತಿರುವ ಓಟದ ಪಂದ್ಯದ ರೀತಿ. ಒಂದು ವಿಭಾಗಕ್ಕೆ ಒಂದೇ ಮೊದಲ ಬಹುಮಾನ, ಒಂದೇ ಎರಡನೆಯದು, ಒಂದೇ ಮೂರನೆಯದು. ನಿಮ್ಮ ಗೊಂಬೆ ಎಷ್ಟೇ ಚೆನ್ನಾಗಿರಲಿ, ಅದೇ ದಿನ ಅದೇ ಮೇಜಿಗೆ ನಾಲ್ವರು ಗಟ್ಟಿಗರು ಬಂದಿದ್ದರೆ ಬರಿಗೈಯಲ್ಲಿ ವಾಪಸ್ಸು.

ಎರಡನೆಯದಕ್ಕೆ 'ಓಪನ್' ಪದ್ಧತಿ ಅನ್ನುತ್ತಾರೆ. ಇದು ಶಾಲೆಯ ಪರೀಕ್ಷೆ ಇದ್ದ ಹಾಗೆ. ಪಕ್ಕದವರ ಗೊಂಬೆಯ ಜತೆ ಹೋಲಿಸದೆ, ಒಂದು ನಿಗದಿತ ಮಟ್ಟಕ್ಕೆ ಹೋಲಿಸುತ್ತಾರೆ. ಆ ಮಟ್ಟ ಮುಟ್ಟಿದವರಿಗೆಲ್ಲ ಚಿನ್ನ. ಹತ್ತು ಜನ ಮುಟ್ಟಿದರೆ ಹತ್ತು ಚಿನ್ನ, ಯಾರೂ ಮುಟ್ಟದಿದ್ದರೆ ಒಂದೂ ಇಲ್ಲ. ಚರಿತ್ರೆಯ ಗೊಂಬೆಗಳ ದೊಡ್ಡ ಪ್ರದರ್ಶನಗಳಲ್ಲಿ ಈ ಪದ್ಧತಿ ಹೆಚ್ಚು. ಹೊಸಬರಿಗೆ ನಾನು ಹೇಳುವುದು ಇದನ್ನೇ. ಸೋಲು ಗೆಲುವಿಗಿಂತ 'ನಾನು ಎಲ್ಲಿದ್ದೇನೆ' ಎಂಬುದು ಇಲ್ಲಿ ಸರಿಯಾಗಿ ತಿಳಿಯುತ್ತದೆ.

ನಿಯಮದ ಹಾಳೆ ಓದಿ, ಇನ್ನೊಮ್ಮೆ ಓದಿ

ಸ್ಪರ್ಧೆಯಿಂದ ಸ್ಪರ್ಧೆಗೆ ನಿಯಮ ಬೇರೆ. ಆದರೂ ಈ ಕೆಲವು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಳ್ಳಿ.

ವಿಭಾಗ ಯಾವುದು? ಒಂಟಿ ಗೊಂಬೆ, ಗುಂಪು, ವಾಹನ, ಕುದುರೆ ಸವಾರ, ಬಸ್ಟ್, ಕಥೆ ಹೇಳುವ ದೃಶ್ಯ ಹೀಗೆ ಬೇರೆ ಬೇರೆ ಇರುತ್ತವೆ. ಕಿರಿಯರಿಗೆ ಪ್ರತ್ಯೇಕ ವಿಭಾಗವಿದ್ದರೆ ವಯಸ್ಸಿನ ಲೆಕ್ಕ ಯಾವ ದಿನಕ್ಕೆ ಎಂದು ಕೇಳಿ. ಪೀಠದ ಅಳತೆಗೆ ಮಿತಿ ಇದೆಯೇ? ಗೊಂಬೆಯನ್ನು ಸ್ವತಃ ತರಬೇಕೇ, ಬೇರೆಯವರ ಕೈಲಿ ಕಳಿಸಬಹುದೇ? ಎಷ್ಟು ಗಂಟೆಯೊಳಗೆ ಇಡಬೇಕು, ಎಷ್ಟು ಗಂಟೆಗೆ ವಾಪಸ್ಸು ತೆಗೆಯಬೇಕು?

ಎಲ್ಲೆಡೆಯೂ ಇರುವ ಒಂದು ನಿಯಮವೆಂದರೆ, ಬಣ್ಣ ನೀವೇ ಹಚ್ಚಿರಬೇಕು. ಠಾಣೆಯ ತಾಯಿಯವರೇ, ಇದು ನಿಮಗೂ. ಮಗನ ಕಣ್ಣಿನ ಚುಕ್ಕೆ ಓರೆಯಾಗಿದೆ ಎಂದು ರಾತ್ರಿ ಅವನು ಮಲಗಿದ ಮೇಲೆ ಸರಿ ಮಾಡಲು ಹೋಗಬೇಡಿ. ಈ ನಿಯಮ ಈಗ ಇನ್ನೂ ಬಿಗಿಯಾಗಿದೆ. 2024ರಲ್ಲಿ ಅಮೆರಿಕದಲ್ಲಿ ನಡೆದ ಗೋಲ್ಡನ್ ಡೀಮನ್‌ನಲ್ಲಿ ಚಿನ್ನ ಪಡೆದ ಒಂದು ಕೃತಿಯ ಹಿನ್ನೆಲೆ ಚಿತ್ರವನ್ನು ಕೃತಕ ಬುದ್ಧಿಮತ್ತೆಯಿಂದ ಮಾಡಿದ್ದು ತಿಳಿದು ದೊಡ್ಡ ಚರ್ಚೆಯಾಯಿತು. ಗೊಂಬೆಯ ಬಣ್ಣ ಕೈಯದೇ, ತಕರಾರಿದ್ದದ್ದು ಹಿಂದಿನ ಚಿತ್ರದ ಬಗ್ಗೆ. ಮರುವರ್ಷದ ನಿಯಮದಲ್ಲಿ ಅಂಥದ್ದಕ್ಕೆ ಅವಕಾಶವಿಲ್ಲವೆಂದು ಬರೆದರು.

ಯಾವ ಗೊಂಬೆ ಆರಿಸಿಕೊಳ್ಳಬೇಕು?

ನಿಮಗೆ ಬೇಸರ ತರಿಸದ ಗೊಂಬೆ. ಸ್ಪರ್ಧೆಯ ಗೊಂಬೆಗೆ ಐವತ್ತು, ಅರವತ್ತು ಗಂಟೆ ಹಿಡಿದರೆ ಅದೇನೂ ಹೆಚ್ಚಲ್ಲ. ಅಷ್ಟು ಹೊತ್ತು ಯಾರ ಮುಖ ನೋಡಬಲ್ಲಿರೋ ಅವರನ್ನೇ ಆರಿಸಿ.

ನಾನು ಆರಿಸಿದ್ದು ಮೈಸೂರು ಲ್ಯಾನ್ಸರ್ಸ್‌ನ ಒಬ್ಬ ಸೈನಿಕನನ್ನು. ಇದಕ್ಕೊಂದು ಕಾರಣವಿದೆ. ನಮ್ಮ ಅಜ್ಜನ ಅಣ್ಣ ಆ ದಳದಲ್ಲಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಜೋಧಪುರದ ಸವಾರರ ಜತೆ ಮೈಸೂರಿನ ಸವಾರರು 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದರಲ್ಲ, ಅದೇ ದಳ. ದೆಹಲಿಯ ಕೇಳುಗರು ತೀನ್ ಮೂರ್ತಿ ವೃತ್ತ ದಾಟುವಾಗ ನೋಡಿರುತ್ತೀರಿ, ಅಲ್ಲಿ ನಿಂತಿರುವ ಮೂರು ಕಂಚಿನ ಸೈನಿಕರು ಜೋಧಪುರ, ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳವರು. 2018ರಲ್ಲಿ ಆ ಜಾಗಕ್ಕೆ ತೀನ್ ಮೂರ್ತಿ ಹೈಫಾ ಚೌಕ್ ಎಂದು ಹೆಸರಿಟ್ಟರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ.

ದೊಡ್ಡಜ್ಜನ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಹೆಸರು ಮಾತ್ರ ಉಳಿದಿದೆ. ಹಾಗಾಗಿ 54 ಮಿಲಿಮೀಟರಿನ ಒಬ್ಬ ಭಾರತೀಯ ಈಟಿ ಸವಾರನನ್ನು ತರಿಸಿಕೊಂಡಾಗ, ಅದು ನನಗೆ ಬರೀ ಗೊಂಬೆಯಾಗಿರಲಿಲ್ಲ. ಆಗ ನಾನು ಮಾಡಿದ ತಪ್ಪನ್ನು ಮುಂದೆ ಹೇಳುತ್ತೇನೆ.

ತಳ ಗಟ್ಟಿ ಮಾಡಿಕೊಳ್ಳಿ

ಪೆಟ್ಟಿಗೆ ಬಿಚ್ಚಿದ ಕೂಡಲೇ ಬಣ್ಣದ ಬಾಟಲಿ ಮುಟ್ಟಬೇಡಿ. ಅಚ್ಚಿನಿಂದ ಸಲೀಸಾಗಿ ಬಿಡಿಸಿಕೊಳ್ಳಲು ಹಚ್ಚಿದ ಜಿಡ್ಡು ರಾಳದ ಗೊಂಬೆಯ ಮೇಲೆ ಉಳಿದಿರಬಹುದು. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಇಷ್ಟರಲ್ಲಿ ಮೆಲ್ಲಗೆ ತೊಳೆದು ಒಣಗಿಸಿ.

ಆಮೇಲೆ ಅಚ್ಚಿನ ಗೆರೆ ಹುಡುಕಿ. ಅಚ್ಚಿನ ಎರಡು ಹೋಳುಗಳು ಕೂಡಿದ ಕಡೆ ಮೈಯುದ್ದಕ್ಕೂ ಕೂದಲೆಳೆಯಂಥ ಏಣು ಇರುತ್ತದೆ. ಬಣ್ಣವಿಲ್ಲದಾಗ ಕಾಣುವುದಿಲ್ಲ, ಬಣ್ಣ ಬಿದ್ದ ಮೇಲೆ ಎದ್ದು ಕುಣಿಯುತ್ತದೆ. ತೀರ್ಪುಗಾರರು ಟಾರ್ಚ್ ಹಿಡಿದು ಮೊದಲು ಹುಡುಕುವವುಗಳಲ್ಲಿ ಇದೂ ಒಂದು. ಚಾಕುವಿನ ಬೆನ್ನಿನಿಂದ ಕೆರೆದು, ನಯವಾದ ಉಪ್ಪು ಕಾಗದದಿಂದ ತಿಕ್ಕಿ. ರಾಳದ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಹಳೆಯ ಲೋಹದ ಗೊಂಬೆಗಳಲ್ಲಿ ಸೀಸವೂ ಇರಬಹುದು. ಹಾಗಾಗಿ ಕಾಗದವನ್ನು ನೀರಲ್ಲಿ ಅದ್ದಿ ತಿಕ್ಕಿ, ಮಾಸ್ಕ್ ಹಾಕಿ, ಮುಗಿದ ಮೇಲೆ ಕೈ ತೊಳೆಯಿರಿ. ಬ್ರಷ್ಷಿನ ತುದಿ ಚೂಪು ಮಾಡಲು ಬಾಯಲ್ಲಿಡುವ ಅಭ್ಯಾಸ ಬಹಳ ಜನಕ್ಕಿದೆ. ಮಕ್ಕಳಿಗೆ ಅದನ್ನು ಕಲಿಸಲೇಬೇಡಿ.

ಕೈಕಾಲು ಜೋಡಿಸಿದ ಕಡೆ ಬಿರುಕು ಉಳಿದರೆ ಪುಟ್ಟಿಯಿಂದ ತುಂಬಿ. ಭಾರದ ಭಾಗಗಳಿಗೆ ಅಂಟೊಂದೇ ಸಾಲದು. ಎರಡೂ ಕಡೆ ಸಣ್ಣ ತೂತು ಕೊರೆದು ಒಳಗೆ ಹಿತ್ತಾಳೆ ತಂತಿ ಕೂರಿಸಿ.

ಈಗ ಪ್ರೈಮರ್. ನಮ್ಮ ಊರುಗಳ ಹವೆ ಕೈಕೊಡುವುದು ಇಲ್ಲಿಯೇ. ಮುಂಬೈ, ಚೆನ್ನೈಗಳ ಒದ್ದೆ ಗಾಳಿಯಲ್ಲಿ, ಪುಣೆಯ ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಹೊಡೆದರೆ ಮೈಯೆಲ್ಲ ಪುಡಿಪುಡಿಯಾಗಿ, ಬೂದಿ ಬಳಿದಂತಾಗುವುದುಂಟು. ಮಳೆ ಬಿಟ್ಟ, ಬಿಸಿಲಿರುವ ಹೊತ್ತು ನೋಡಿ. ಸುಮಾರು ಒಂದು ಅಡಿ ದೂರದಿಂದ ತೆಳ್ಳಗೆ, ಎರಡು ಮೂರು ಸಲ ಹೊಡೆಯಿರಿ. ಮೊದಲು ಬೇಡದ ಪ್ಲಾಸ್ಟಿಕ್ ತುಂಡಿನ ಮೇಲೆ ನೋಡಿಕೊಳ್ಳಿ. ಹವೆ ಸರಿಯಿಲ್ಲದಿದ್ದರೆ ಬ್ರಷ್ಷಿನಿಂದ ಹಚ್ಚುವ ನೀರಿನ ಪ್ರೈಮರ್ ಸಾಕು.

ಒಂದು ಉಪಾಯ: ಮೊದಲು ಇಡೀ ಗೊಂಬೆಗೆ ಕಪ್ಪು, ಆಮೇಲೆ ತಲೆಯ ಮೇಲಿಂದ ಮಾತ್ರ ಬಿಳಿ. ನಡುಮಧ್ಯಾಹ್ನದ ಸೂರ್ಯನ ಬೆಳಕು ಎಲ್ಲೆಲ್ಲಿ ಬೀಳುತ್ತದೆ, ಎಲ್ಲಿ ನೆರಳು ಎಂದು ಗೊಂಬೆಯೇ ತೋರಿಸುತ್ತದೆ. ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬಣ್ಣ ಹಚ್ಚುವಾಗ ಅದೇ ನಕ್ಷೆ.

ಬಣ್ಣದ ಗುಟ್ಟು ನೀರಿನಲ್ಲಿದೆ

ಹೊಸಬರ ಗೊಂಬೆ ದೂರದಿಂದಲೇ ಗುರುತು ಸಿಗುವುದು ದಪ್ಪ ಬಣ್ಣದಿಂದ. ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದರೆ ಕೆತ್ತನೆಯೆಲ್ಲ ಮುಚ್ಚಿಹೋಗುತ್ತದೆ. ಅಕ್ರಿಲಿಕ್ ಬಣ್ಣಕ್ಕೆ ನೀರು ಸೇರಿಸಿ ಹಾಲಿನಷ್ಟು ತೆಳ್ಳಗೆ ಮಾಡಿ. ಒಂದೇ ಸಲಕ್ಕೆ ಮುಚ್ಚಬಾರದು, ಎರಡು ಮೂರು ಸಲಕ್ಕೆ ಮುಚ್ಚಬೇಕು. ಪ್ರತಿ ಸಲವೂ ಪೂರ್ತಿ ಒಣಗಲು ಬಿಡಿ.

ನಮ್ಮ ಫ್ಯಾನಿನ ಗಾಳಿಗೆ ಬಣ್ಣ ಬೇಗ ಒಣಗುತ್ತದೆ. ಅದಕ್ಕೆ ವೆಟ್ ಪ್ಯಾಲೆಟ್ ಬೇಕು. ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ಒಂದು ಚಪ್ಪಟೆ ಟಿಫಿನ್ ಡಬ್ಬಿ, ಒಳಗೆ ಒದ್ದೆ ಸ್ಪಾಂಜ್, ಮೇಲೆ ಕೇಕ್ ಮಾಡಲು ಬಳಸುವ ಬೇಕಿಂಗ್ ಪೇಪರ್. ಅದರ ಮೇಲೆ ಬಣ್ಣ ಹಾಕಿ ಮುಚ್ಚಳ ಮುಚ್ಚಿಟ್ಟರೆ ಮರುದಿನಕ್ಕೂ ಹಸಿಯಾಗಿರುತ್ತದೆ. ನಮ್ಮ ಮನೆಯಲ್ಲಿ ಆ ಡಬ್ಬಿ ಒಮ್ಮೆ ಆಫೀಸಿನ ಊಟದ ಚೀಲ ಸೇರಿಬಿಟ್ಟಿತ್ತು, ಆ ಕಥೆ ಬೇಡ.

ಬ್ರಷ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಗೊಂಬೆ ಚಿಕ್ಕದು, ಹಾಗಾಗಿ ಎಲ್ಲಕ್ಕಿಂತ ಚಿಕ್ಕ ಬ್ರಷ್ ಬೇಕು ಎಂದು. ತೀರಾ ಚಿಕ್ಕ ಬ್ರಷ್ಷಿನಲ್ಲಿ ಬಣ್ಣ ನಿಲ್ಲುವುದೇ ಇಲ್ಲ, ಗೊಂಬೆ ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. ಒಂದನೇ ನಂಬರಿನ, ತುದಿ ಸೂಜಿಯಂತೆ ನಿಲ್ಲುವ ಒಂದು ಒಳ್ಳೆಯ ಬ್ರಷ್ ಸಾಕು. ಕೂದಲು ಕೂಡುವ ಲೋಹದ ಕೊಳವೆಯವರೆಗೆ ಬಣ್ಣ ಏರಲು ಬಿಡಬೇಡಿ, ಏರಿದರೆ ತುದಿ ಎರಡಾಗುತ್ತದೆ.

ನೆರಳು, ಬೆಳಕು ಬರುವುದು ಹೀಗೆ. ಮೊದಲು ನಡುಬಣ್ಣ. ಮಡಿಕೆಗಳ ಆಳಕ್ಕೆ ಅದೇ ಬಣ್ಣದ ಗಾಢ ಛಾಯೆ. ಏಣುಗಳ ಮೇಲೆ ತಿಳಿ ಛಾಯೆ, ತುತ್ತತುದಿಗೆ ಇನ್ನೂ ತಿಳಿ. ಈ ಮೆಟ್ಟಿಲುಗಳು ಎದ್ದು ಕಾಣದಂತೆ, ನೀರೇ ಹೆಚ್ಚಿರುವ ತೆಳು ಬಣ್ಣವನ್ನು ಮೇಲೆ ಪದರ ಪದರವಾಗಿ ಎಳೆಯುತ್ತಾರೆ, ಅದಕ್ಕೆ ಗ್ಲೇಜ್ ಅನ್ನುತ್ತಾರೆ. ಪುಟ್ಟ ಗೊಂಬೆಯ ಮೇಲೆ ನಿಜವಾದ ಬೆಳಕು ನಿಜವಾದ ಮನುಷ್ಯನ ಮೇಲೆ ಬಿದ್ದಂತೆ ಕಾಣುವುದಿಲ್ಲ. ಆದ್ದರಿಂದ ನೆರಳು ಬೆಳಕನ್ನು ನಾವೇ ಸ್ವಲ್ಪ ಹೆಚ್ಚಿಸಿ ಬರೆಯಬೇಕು. 'ಅತಿಯಾಯಿತೇನೋ' ಎಂದು ಅನಿಸುವವರೆಗೆ ಹೋಗಿ, ಒಂದು ಹೆಜ್ಜೆ ಹಿಂದೆ ಬನ್ನಿ.

ಕಣ್ಣಿಗೆ ಹಾಲುಬಿಳಿ ಬೇಡ, ಸ್ವಲ್ಪ ಕಂದು ಬೆರೆಸಿದ ಬಿಳಿ ಸಾಕು. ಕರಿಗುಡ್ಡೆ ಮೇಲಿನ ರೆಪ್ಪೆಗೆ ತಾಗಿರಲಿ. ಸುತ್ತಲೂ ಬಿಳಿ ಬಿಟ್ಟರೆ ಸೈನಿಕ ಹಾವು ಕಂಡವನ ಹಾಗೆ ಕಾಣುತ್ತಾನೆ. ಕಣ್ಣು ಮೊದಲು ಬರೆದು, ಆಮೇಲೆ ಮೈಬಣ್ಣದಿಂದ ಸುತ್ತಲೂ ತಿದ್ದುವುದು ಸುಲಭ.

ಚೆನ್ನೈಯ ಹಿರಿಯರಿಗೆ ಒಂದು ಮಾತು. ಕೈ ನಡುಗದವರು ಯಾರೂ ಇಲ್ಲ. ಗೊಂಬೆಯನ್ನು ಒಂದು ಹಳೆಯ ಔಷಧಿ ಬಾಟಲಿಯ ಮುಚ್ಚಳದ ಮೇಲೆ ತಾತ್ಕಾಲಿಕವಾಗಿ ಅಂಟಿಸಿ, ಬಾಟಲಿಯನ್ನು ಎಡಗೈಲಿ ಹಿಡಿಯಿರಿ. ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ತಾಗಿಸಿ ಮೇಜಿನಂಚಿಗೆ ಊರಿ. ನಡುಗಿದರೂ ಎರಡೂ ಕೈ ಒಟ್ಟಿಗೆ ನಡುಗುತ್ತವೆ, ಗೆರೆ ಅಷ್ಟಾಗಿ ಕೆಡುವುದಿಲ್ಲ. ತಲೆಗೆ ಕಟ್ಟಿಕೊಳ್ಳುವ ಭೂತಗನ್ನಡಿ ಮತ್ತು ಬಿಳಿ ಬೆಳಕಿನ ಟೇಬಲ್ ಲ್ಯಾಂಪ್ ಇದ್ದರೆ ಇನ್ನೂ ಒಳ್ಳೆಯದು.

ಪೀಠವೂ ಮಾತಾಡುತ್ತದೆ

ಗೊಂಬೆ ಎಲ್ಲಿ ನಿಂತಿದೆ ಎಂದು ಪೀಠ ಹೇಳಬೇಕು, ಆದರೆ ಗೊಂಬೆಗಿಂತ ಜೋರಾಗಿ ಹೇಳಬಾರದು. ಪ್ಯಾಲೆಸ್ಟೈನಿನ ಕಲ್ಲುನೆಲದಲ್ಲಿ ನಿಂತವನ ಕಾಲಬುಡದಲ್ಲಿ ಹಚ್ಚಹಸಿರು ಹುಲ್ಲು ಬೆಳೆಸಬೇಡಿ. ನೆಲದ ಧೂಳಿನ ಬಣ್ಣವನ್ನೇ ತೆಳ್ಳಗೆ ಮಾಡಿ ಬೂಟಿಗೂ ಪಟ್ಟಿಗೂ ಸ್ವಲ್ಪ ಹಚ್ಚಿದರೆ, ಗೊಂಬೆಯೂ ನೆಲವೂ ಒಂದೇ ಜಾಗದವಾಗುತ್ತವೆ. ಮರದ ಪೀಠದ ಅಂಚನ್ನು ಉಪ್ಪು ಕಾಗದದಿಂದ ಉಜ್ಜಿ ಚೊಕ್ಕಟ ಮಾಡಿ. ಬೆರಳಿನ ಗುರುತು, ಅಂಟಿನ ಕಲೆ ಉಳಿದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ

ಈಗ ನನ್ನ ಕಥೆ. ಮೂರು ತಿಂಗಳು ಕೂತು ಸವಾರನನ್ನು ಮುಗಿಸಿದೆ. ಮುಗಿಸಿದ್ದು ಯಾವಾಗ? ಸ್ಪರ್ಧೆಯ ಹಿಂದಿನ ರಾತ್ರಿ ಎರಡು ಗಂಟೆಗೆ. ಪುಣೆಯಿಂದ ಮುಂಬೈಗೆ ಬೆಳಗಿನ ರೈಲು. ಗೊಂಬೆಯನ್ನು ಹತ್ತಿಯಲ್ಲಿ ಸುತ್ತಿ, ಬೂಟಿನ ಡಬ್ಬಿಯಲ್ಲಿಟ್ಟು, ತೊಡೆಯ ಮೇಲಿಟ್ಟುಕೊಂಡು ಕೂತೆ. ಘಟ್ಟ ಇಳಿಯುವವರೆಗೆ ಎಲ್ಲ ಸರಿಯಿತ್ತು. ಕಲ್ಯಾಣದಲ್ಲಿ ಜನ ನುಗ್ಗಿದರು, ಯಾರದೋ ಚೀಲ ಡಬ್ಬಿಯ ಮೇಲೆ ಬಿತ್ತು.

ಸವಾರರ ಈಟಿ ಸುಮಾರು ಒಂಬತ್ತು ಅಡಿ. 32ರಲ್ಲಿ ಒಂದು ಪಾಲು ಅಂದರೆ ಎಂಟೂವರೆ ಸೆಂಟಿಮೀಟರ್, ಗೊಂಬೆಗಿಂತ ಈಟಿಯೇ ಉದ್ದ. ಅದು ಎರಡು ಕಡೆ ಮುರಿದಿತ್ತು. ಇನ್ನೂ ಪೂರ್ತಿ ಗಟ್ಟಿಯಾಗದಿದ್ದ ವಾರ್ನಿಷ್‌ಗೆ ಹತ್ತಿಯ ಎಳೆಗಳು ಅಂಟಿ, ಸೈನಿಕನಿಗೆ ಬಿಳಿ ಗಡ್ಡ ಬಂದಿತ್ತು. ಸಭಾಂಗಣದ ಮೂಲೆಯಲ್ಲಿ ಕೂತು ಕ್ವಿಕ್‌ಫಿಕ್ಸ್ ಅಂಟು ಹಾಕಿದೆ. ಆ ಅಂಟಿನ ಹಬೆ ಸುತ್ತಲ ಬಣ್ಣದ ಮೇಲೆ ಬಿಳಿ ಮಂಜು ಹಿಡಿಸಿತು.

ಅದಾದರೂ ಅಪಘಾತ. ದೊಡ್ಡ ತಪ್ಪು ಬೇರೆಯೇ ಇತ್ತು. ತೀರ್ಪು ಮುಗಿದ ಮೇಲೆ, ಏನು ಸರಿಯಾಗಲಿಲ್ಲವೆಂದು ತೀರ್ಪುಗಾರರಲ್ಲೊಬ್ಬರನ್ನು ಕೇಳಿದೆ. ಸೈನ್ಯದಿಂದ ನಿವೃತ್ತರಾದ ಹಿರಿಯರು. ಈಟಿಯ ವಿಷಯ ಅವರು ಎತ್ತಲೇ ಇಲ್ಲ. ನಾನು ಹಚ್ಚಿದ್ದ ನೀಲಿ ಪೇಟ, ಕೆಂಪು ಪಟ್ಟಿ, ಮಿರಮಿರ ಮಿಂಚುವ ಗುಂಡಿಗಳನ್ನು ನೋಡಿ ಹಿಂದಿಯಲ್ಲಿ ಕೇಳಿದರು: "ಇವರು ಯುದ್ಧಕ್ಕೆ ಹೋದವರೋ, ಮದುವೆಗೆ ಹೋದವರೋ?"

ಪೀಠದ ಮೇಲೆ ನಾನೇ 'ಹೈಫಾ, 1918' ಎಂದು ಬರೆದಿದ್ದೆ. ಯುದ್ಧಭೂಮಿಯಲ್ಲಿ ಅವರು ಉಟ್ಟದ್ದು ಖಾಕಿ, ಪೇಟವೂ ಖಾಕಿ. ಎದೆಯ ಮೇಲೆ ಅಡ್ಡಲಾಗಿ ಹೋಗುವ ಪಟ್ಟಿ ಏತಕ್ಕೆ ಎಂದು ಅವರು ಕೇಳಿದರು. ನನಗೆ ಗೊತ್ತಿರಲಿಲ್ಲ. "ಗುಂಡು ಇಟ್ಟುಕೊಳ್ಳುವ ಪಟ್ಟಿ. ನೀವು ಅದನ್ನು ರಿಬ್ಬನ್ ಮಾಡಿದ್ದೀರಿ," ಅಂದರು. ಮೂರು ತಿಂಗಳು ಬಣ್ಣ ಹಚ್ಚಿದ್ದೆ, ಒಂದು ಸಂಜೆಯೂ ಕೂತು ಓದಿರಲಿಲ್ಲ. ಚಂದ ಕಾಣಲಿ ಎಂದು ಬಣ್ಣ ಹಾಕಿದ್ದೆ, ಅಷ್ಟೇ. ಮನೆಯ ಹಿರಿಯರ ನೆನಪಿಗೆ ಎಂದು ಶುರು ಮಾಡಿದ ಕೆಲಸ, ಅವರು ಏನು ಉಟ್ಟಿದ್ದರೆಂದು ನೋಡುವ ಗೋಜಿಗೂ ಹೋಗಿರಲಿಲ್ಲ. ರೈಲಿನಲ್ಲಿ ವಾಪಸ್ಸು ಬರುವಾಗ ಈಟಿ ಮುರಿದದ್ದಕ್ಕಿಂತ ಇದೇ ಹೆಚ್ಚು ಚುಚ್ಚಿತು.

ಹಾಗಾಗಿ ಚರಿತ್ರೆಯ ಗೊಂಬೆ ಹಚ್ಚುವವರು ಮೊದಲ ವಾರ ಬ್ರಷ್ ಹಿಡಿಯಬೇಡಿ. ಆ ವರ್ಷದ, ಆ ದಳದ, ಆ ಜಾಗದ ಫೋಟೋಗಳನ್ನು ಹುಡುಕಿ. ಬ್ರಿಟನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಂಥ ಸಂಗ್ರಹಾಲಯಗಳ ಚಿತ್ರಗಳನ್ನು ಈಗ ಮನೆಯಲ್ಲೇ ಕೂತು ನೋಡಬಹುದು. ಮೆರವಣಿಗೆಯ ಉಡುಪು ಬೇರೆ, ಯುದ್ಧದ ಉಡುಪು ಬೇರೆ ಎಂಬುದನ್ನು ಮರೆಯಬೇಡಿ. ಪುರಾಣದ, ಕಲ್ಪನೆಯ ಗೊಂಬೆಗಳಿಗೆ ಈ ಕಟ್ಟುಪಾಡಿಲ್ಲ. ಆದರೂ ಚರ್ಮ ಚರ್ಮದಂತೆ, ಕಬ್ಬಿಣ ಕಬ್ಬಿಣದಂತೆ ಕಾಣಲೇಬೇಕು.

ಒಯ್ಯುವುದು ಹೇಗೆ?

ಹತ್ತಿ ಬೇಡವೇ ಬೇಡ. ಗೊಂಬೆಯ ಮೈಗೆ ಏನೂ ತಾಗಬಾರದು, ಪೀಠ ಮಾತ್ರ ಹಿಡಿದಿರಬೇಕು. ಪೀಠದ ಅಡಿಗೆ ಬಲವಾದ ಅಯಸ್ಕಾಂತ ಅಂಟಿಸಿ, ಬಿಸ್ಕತ್ತಿನ ತಗಡಿನ ಡಬ್ಬದ ತಳಕ್ಕೆ ಕಚ್ಚಿಸಿ. ಅಡುಗೆಮನೆಯ ಎಲ್ಲ ಸ್ಟೀಲ್ ಡಬ್ಬಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲ, ಮೊದಲು ನೋಡಿಕೊಳ್ಳಿ. ಅಲುಗಾಡಿಸಿ ಪರೀಕ್ಷೆ ಮಾಡುವಾಗ ಗೊಂಬೆಯ ಬದಲು ಅಷ್ಟೇ ತೂಕದ ಬೇರೇನಾದರೂ ಇಟ್ಟು ನೋಡಿ. ಈಟಿ, ಧ್ವಜದಂಥ ಉದ್ದನೆಯ ಭಾಗಗಳನ್ನು ಹಿತ್ತಾಳೆ ಕಡ್ಡಿಯಲ್ಲಿ ಮಾಡಿ, ಬಿಚ್ಚಿ ಜೋಡಿಸುವಂತೆ ಇಟ್ಟುಕೊಳ್ಳಿ. ವಿಮಾನದಲ್ಲಿ ಹೋಗುವವರು ಸ್ಪ್ರೇ ಡಬ್ಬಿ ಒಯ್ಯಬೇಡಿ, ಚಾಕುವನ್ನು ಕೈಚೀಲದಲ್ಲಿ ಇಡಬೇಡಿ.

ಒಂದು ಪುಟ್ಟ ರಿಪೇರಿ ಪೆಟ್ಟಿಗೆ ಜತೆಗಿರಲಿ: ಅಂಟು, ಚಿಮಟ, ಒಂದು ಬ್ರಷ್, ಗೊಂಬೆಗೆ ಬಳಸಿದ ನಾಲ್ಕೈದು ಬಣ್ಣ, ಮ್ಯಾಟ್ ವಾರ್ನಿಷ್. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ವಾರ ಮೊದಲೇ ಮುಗಿಸಿ. ಆ ವಾರದಲ್ಲಿ ಗೊಂಬೆಯನ್ನು ಬೆಳಗಿನ ಬೆಳಕಿನಲ್ಲಿ ಒಮ್ಮೆ, ಟ್ಯೂಬ್‌ಲೈಟಿನಲ್ಲಿ ಒಮ್ಮೆ ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಕಣ್ಣಿಗೆ ಕಾಣದ ತಪ್ಪುಗಳೆಲ್ಲ ಕಾಣುತ್ತವೆ.

ಮೇಜಿನ ಮುಂದೆ

ತೀರ್ಪುಗಾರರು ಮೊದಲು ಒಂದು ತೋಳಿನ ದೂರದಿಂದ ನೋಡುತ್ತಾರೆ. ಅಷ್ಟು ದೂರದಿಂದ ಗೊಂಬೆ ಕಣ್ಣು ಸೆಳೆಯಬೇಕು. ಇಡೀ ಗೊಂಬೆ ಒಂದೇ ಮಂಕು ಬಣ್ಣವಾಗಿದ್ದರೆ ದೃಷ್ಟಿ ಮುಂದೆ ಹೋಗಿಬಿಡುತ್ತದೆ. ಆಮೇಲೆ ಹತ್ತಿರ ಬಂದು ಟಾರ್ಚ್ ಬಿಡುತ್ತಾರೆ. ಆಗ ಅಚ್ಚಿನ ಗೆರೆ, ತುಂಬದ ಬಿರುಕು, ಬಣ್ಣದ ಗಡಿ ದಾಟಿದ ಕಡೆ, ಬ್ರಷ್ ತಲುಪದ ಮೂಲೆ ಎಲ್ಲ ಬಯಲು. ಕಷ್ಟದ ಹತ್ತು ತಂತ್ರಗಳನ್ನು ಅರೆಬರೆ ಮಾಡಿದವರಿಗಿಂತ, ಸರಳವಾದ ನಾಲ್ಕನ್ನು ಚೊಕ್ಕಟವಾಗಿ ಮಾಡಿದವರು ಮುಂದೆ ಹೋಗುವುದನ್ನು ನಾನೇ ನೋಡಿದ್ದೇನೆ.

ಫಲಿತಾಂಶ ಬಂದ ಮೇಲೆ ಸಿಟ್ಟು ಮಾಡಿಕೊಂಡು ಗೊಂಬೆ ಎತ್ತಿಕೊಂಡು ಹೊರಡಬೇಡಿ. "ಮುಂದಿನ ಸಲಕ್ಕೆ ಯಾವ ಒಂದು ವಿಷಯ ತಿದ್ದಿಕೊಳ್ಳಲಿ?" ಎಂದು ಕೇಳಿ. 'ಹೇಗಿದೆ' ಎಂದು ಕೇಳಿದರೆ 'ಚೆನ್ನಾಗಿದೆ' ಅನ್ನುತ್ತಾರೆ. ಒಂದು ವಿಷಯ ಕೇಳಿದರೆ ನಿಜ ಹೇಳುತ್ತಾರೆ. ಪಕ್ಕದ ಗೊಂಬೆಗಳನ್ನೂ ನೋಡಿ, ಹಚ್ಚಿದವರನ್ನು ಮಾತಾಡಿಸಿ. ಆದರೆ ಕೇಳದೆ ಯಾರ ಗೊಂಬೆಯನ್ನೂ ಮುಟ್ಟಬೇಡಿ.

ಮರುವರ್ಷ

ಮರುವರ್ಷ ಅದೇ ಗೊಂಬೆಯ ಇನ್ನೊಂದು ಪ್ರತಿ ತರಿಸಿದೆ. ಕಸ್ಟಮ್ಸ್ ಸುಂಕ ಸೇರಿ ಗೊಂಬೆ ದುಬಾರಿಯಾಯಿತು, ಮನೆಯಲ್ಲಿ ಎರಡು ಮಾತು ಕೇಳಿದ್ದೂ ಆಯಿತು. ಈ ಸಲ ಮೊದಲು ಓದಿದೆ. ಖಾಕಿ ಎಂದರೆ ಒಂದೇ ಬಣ್ಣ ಅಂದುಕೊಂಡಿದ್ದೆ. ಒಗೆದು ಬೆಳ್ಳಗಾದ ಅಂಗಿಯ ಖಾಕಿ, ಬೆವರು ಕುಡಿದ ಬೆನ್ನಿನ ಖಾಕಿ, ಧೂಳು ಕೂತ ಪೇಟದ ಖಾಕಿ ಎಲ್ಲ ಬೇರೆ ಬೇರೆ. ನೆರಳಿಗೆ ಕಂದಿನ ಜತೆ ಒಂದು ಹನಿ ನೀಲಿ, ಬೆಳಕಿಗೆ ಬಿಳಿಯ ಬದಲು ದಂತದ ಬಣ್ಣ. ನೀಲಿ ಪೇಟಕ್ಕೆ ಎರಡು ಸಂಜೆ ಸಾಕಾಗಿತ್ತು, ಈ ಖಾಕಿಗೆ ಹನ್ನೊಂದು ಸಂಜೆ ಹಿಡಿಯಿತು.

ಓಪನ್ ಪದ್ಧತಿಯ ಆ ಪುಟ್ಟ ಸ್ಪರ್ಧೆಯಲ್ಲಿ ಕಂಚು ಬಂತು. ಅದೇ ಹಿರಿಯರು ಟಾರ್ಚ್ ಬಿಟ್ಟು ನೋಡಿ, "ಎಡಗಾಲಿನ ಪಟ್ಟಿ ಸುತ್ತಿದ ದಿಕ್ಕು ಇನ್ನೊಮ್ಮೆ ನೋಡಿ," ಎಂದು ಹೇಳಿ ಮುಂದಿನ ಮೇಜಿಗೆ ಹೋದರು.

ದಸರೆಗೆ ಊರಿಗೆ ಹೋದಾಗ ಗೊಂಬೆಯನ್ನು ಒಯ್ದಿದ್ದೆ. ದೊಡ್ಡಜ್ಜನನ್ನು ಚಿಕ್ಕಂದಿನಲ್ಲಿ ಕಂಡಿದ್ದವರು ನಮ್ಮ ಮನೆಯಲ್ಲಿ ಈಗ ನನ್ನ ಅಪ್ಪನ ಅಕ್ಕ ಒಬ್ಬರೇ. ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಹೋಗಿ ಬಹಳ ಹೊತ್ತು ನೋಡಿದರು. ಆಮೇಲೆ ಅಂದರು: "ಪೇಟ ಸರಿಯಾಗಿದೆ ಕಣೋ. ಮೂಗು ಮಾತ್ರ ನಮ್ಮ ಮನೆಯದಲ್ಲ."

ಗೊಂಬೆಯನ್ನು ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಅವರೇ ಇಟ್ಟರು. ಈಗ ಅಲ್ಲೇ ಇದೆ. ನಾನು ಪುಟ್ಟಿ ತಂದಿಟ್ಟುಕೊಂಡು ಮೂಗು ತಿದ್ದುವುದನ್ನು ಕಲಿಯುತ್ತಿದ್ದೇನೆ.

ಕೇಳುಗ ಮಿತ್ರರೇ, ನಿಮ್ಮ ಮನೆಯಲ್ಲೂ ಫೋಟೋ ಇಲ್ಲದ ಒಬ್ಬರು ಹಿರಿಯರಿದ್ದಾರು. ಅಥವಾ ರಜೆಯಿಡೀ ಬಣ್ಣ ಮೆತ್ತಿಕೊಂಡು ಕೂತಿರುವ ಮಗನೋ ಮಗಳೋ ಇದ್ದಾರು. ಒಂದು ಗೊಂಬೆ, ಒಂದು ಬ್ರಷ್, ಒಂದು ಟಿಫಿನ್ ಡಬ್ಬಿ ಇಷ್ಟರಿಂದ ಶುರು ಮಾಡಿ. ಸ್ಪರ್ಧೆಗೆ ಹೋಗಿ ಬಂದವರು, ಗೆದ್ದರೂ ಸರಿ, ಈಟಿ ಮುರಿದುಕೊಂಡು ಬಂದರೂ ಸರಿ, ನಮಗೊಂದು ಪತ್ರ ಬರೆಯಿರಿ. ನಮ್ಮ ಕನ್ನಡದ ಹೊತ್ತಿನಲ್ಲಿ ಓದಿ ಹೇಳುತ್ತೇವೆ.

ಮತ್ತೆ ಸಿಗೋಣ. ನಮಸ್ಕಾರ.